ಅಂಗೈಯಗಲದ ನೆಲ

ಎಂ.ಎ. ತರಗತಿಗಳಿಗೆ ಮೂವತ್ತು ವರ್ಷಕ್ಕೂ ಮಿಕ್ಕು ಹಳಗನ್ನಡ ಪಾಠ ಹೇಳಿದ ನಾನು ಇಂದು ಮೋಟಾರ್ ಸೈಕಲ್ಲಿನ ಟೈರುಗಳನ್ನು ಕುರಿತು ಮಾತನಾಡಲು ಕುಳಿತಿರುವುದು ಕೇಳುಗರಲ್ಲಿ ಕೆಲವರಿಗೆ ವಿಚಿತ್ರವೆನಿಸಬಹುದು. ನನಗೂ ಹಾಗೆಯೇ ಅನಿಸಿದೆ. ಸೈಕಲ್ಲಿಗಿಂತ ವೇಗದ ವಾಹನವನ್ನು ನಾನು ನಡೆಸಿದವನಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿತು; ಆ ಊರಿನಲ್ಲೇ ಬೆಳೆದ ನಾನು ಅಲ್ಲಿಂದ ಹೊರಬಂದ ಯೆಜ್ಡಿಗಳ ಸದ್ದನ್ನು ಕಿವಿತುಂಬ ಕೇಳಿದ್ದೇನೆ; ಅಷ್ಟೇ ನನ್ನ ಅನುಭವ.

ಈ ವಿಷಯಕ್ಕೆ ನನ್ನನ್ನು ಎಳೆದು ತಂದವನು ನನ್ನ ತಂಗಿಯ ಮಗ. ಇಪ್ಪತ್ಮೂರರ ಹುಡುಗ, ಕಾರ್ಖಾನೆಯೊಂದರಲ್ಲಿ ತರಬೇತಿಯ ಸಂಬಳ. ಯಮಹಾ ಕಂಪನಿ 2008ರಲ್ಲಿ ನಮ್ಮ ದೇಶದ ಪೇಟೆಗೆ ತಂದ ಆರ್15 ಎಂಬ 150 ಸಿ.ಸಿ. ಬಂಡಿಯ ಮೊದಲ ಮಾದರಿಯೊಂದು, ಎರಡು ಮೂರು ಕೈ ದಾಟಿ ಅವನ ಪಾಲಿಗೆ ಬಂದಿತ್ತು. ಅದರ ಮೇಲೆ ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈ ಓಟದ ಹಾದಿಯಲ್ಲಿ ಹೊಸಬರ ಸ್ಪರ್ಧೆಗೆ ಇಳಿಯಬೇಕೆಂಬುದು ಅವನ ಹಂಬಲ. ಕೂಡಿಟ್ಟ ಹಣವನ್ನೆಲ್ಲ ಎಂಜಿನ್ನಿಗೆ ಸುರಿದ. ಟೈರಿನ ಸರದಿ ಬರುವ ಹೊತ್ತಿಗೆ ಕೈಯಲ್ಲಿ ಉಳಿದದ್ದು 3 ಸಾವಿರ ರೂಪಾಯಿ. ಆ ಹಣಕ್ಕೆ, 250 ಸಿ.ಸಿ.ಯ ಬಂಡಿಯೊಂದು ಓಟದಲ್ಲಿ ಬಳಸಿ ಬಿಟ್ಟಿದ್ದ 130 ಮಿಲಿಮೀಟರ್ ಅಗಲದ ಟೈರೊಂದನ್ನು ತಂದು ಹಿಂದಿನ ಚಕ್ರಕ್ಕೆ ಹಾಕಿಸಿಕೊಂಡ. ಮುಂದಿನದು ಹಳೆಯದೇ ಇರಲಿ ಎಂದುಕೊಂಡ. ಅಭ್ಯಾಸದ ದಿನ ಮೂರನೆಯ ಸುತ್ತಿನ ಒಂದು ತಿರುವಿನಲ್ಲಿ ಮುಂದಿನ ಚಕ್ರ ಜಾರಿ ಎಡ ಹೆಗಲಿನ ಎಲುಬು ಮುರಿಯಿತು.

ಆಸ್ಪತ್ರೆಯಲ್ಲಿ ನನ್ನ ತಂಗಿ, “ಅಣ್ಣ, ನಿನ್ನ ಮಾತನ್ನಾದರೂ ಕೇಳುತ್ತಾನೆ, ಬಿಟ್ಟುಬಿಡು ಅಂತ ಹೇಳು” ಎಂದಳು. ಅವಳಿಗೆ ಗಂಡನಿಲ್ಲ, ಇರುವವನು ಇವನೊಬ್ಬ. ನಾನು ಹೇಳಿದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಿಡೋದಿಲ್ಲ ಮಾವ. ತಪ್ಪು ಎಲ್ಲಾಯ್ತು ಅಂತ ಮಾತ್ರ ತಿಳೀಬೇಕು” ಎಂದ. ಮೂವತ್ತು ವರ್ಷ ವಿದ್ಯಾರ್ಥಿಗಳಿಂದ ಈ ಮಾತನ್ನು ನಿರೀಕ್ಷಿಸಿ ಬೇಸತ್ತಿದ್ದ ನನಗೆ, ಅದು ಆಸ್ಪತ್ರೆಯ ಮಂಚದಿಂದ ಬಂದಾಗ ಉತ್ತರ ಹೊಳೆಯಲಿಲ್ಲ.

ಬಿದ್ದ ಬಂಡಿಯನ್ನು ನಮ್ಮ ಬಡಾವಣೆಯ ಪಂಕ್ಚರ್ ಅಂಗಡಿಗೆ ತರಿಸಿದೆವು. ಅಂಗಡಿಯವರು ಮುಂದಿನ ಟೈರಿನ ಅಂಚಿಗೆ ಹೆಬ್ಬೆರಳಿನ ಉಗುರನ್ನು ಒತ್ತಿ, “ಮೇಷ್ಟ್ರೇ, ನೀವೂ ಒತ್ತಿ ನೋಡಿ” ಎಂದರು. ಉಗುರು ಇಳಿಯಲಿಲ್ಲ. ಆಮೇಲೆ ಪಕ್ಕದಲ್ಲಿ ಕೊರೆದಿದ್ದ ನಾಲ್ಕು ಅಂಕಿಗಳನ್ನು ಬಟ್ಟೆಯಿಂದ ಒರೆಸಿ ತೋರಿಸಿದರು. ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ; 3514 ಎಂದರೆ 2014ರ ಮೂವತ್ತೈದನೆಯ ವಾರದಲ್ಲಿ ತಯಾರಾದದ್ದು. ಗೆರೆಗಳು ಸವೆದಿರಲಿಲ್ಲ, ನೋಡಲು ಹೊಸದರಂತಿತ್ತು. ಆದರೆ ರಬ್ಬರು ಗಾಳಿಬಿಸಿಲುಗಳಿಗೆ ಸಿಕ್ಕಿ ವರ್ಷದಿಂದ ವರ್ಷಕ್ಕೆ ಗಡುಸಾಗುತ್ತದೆ. ಶಾಸನ ಓದಿ ಕಾಲನಿರ್ಣಯ ಮಾಡುವುದನ್ನು ಕಲಿಸಿದವನಿಗೆ ಮನೆಯ ಬಂಡಿಯ ಮೇಲಿನ ನಾಲ್ಕು ಅಂಕಿ ಓದಲು ಬಾರದೆ ಹೋದದ್ದಕ್ಕೆ ನಾಚಿಕೆಯಾಯಿತು. ಉಳಿದ ಬರಹವನ್ನೂ ಅಂದೇ ಓದಿಸಿಕೊಂಡೆ. ಆ ಬಂಡಿಯ ಹಿಂದಿನ ಚಕ್ರಕ್ಕೆ ಕಾರ್ಖಾನೆಯವರು ಗೊತ್ತುಮಾಡಿದ ಅಳತೆ 100/80–17. ನೂರು ಮಿಲಿಮೀಟರ್ ಅಗಲ, ಅಗಲದ ನೂರಕ್ಕೆ ಎಂಬತ್ತರಷ್ಟು ಎತ್ತರ, ಹದಿನೇಳು ಅಂಗುಲದ ರಿಮ್ಮು. ಕೊನೆಯ ಅಕ್ಷರ ತಾಳಬಲ್ಲ ವೇಗದ್ದು: ಪಿ ಎಂದರೆ ಗಂಟೆಗೆ 150 ಕಿಲೋಮೀಟರ್, ಎಸ್ ಎಂದರೆ 180.

ಹಾಗಾದರೆ ಅಗಲವಾದ ಟೈರು ಹೆಚ್ಚು ಹಿಡಿತ ಕೊಡಬೇಕಲ್ಲವೇ ಎಂದು ನಾನೂ ಕೇಳಿದೆ. ಕಿರಿದಾದ ರಿಮ್ಮಿಗೆ ಅಗಲದ ಟೈರನ್ನು ತುರುಕಿದರೆ ಅದರ ಎರಡು ಅಂಚುಗಳೂ ಒಳಕ್ಕೆ ಸೆಳೆದುಕೊಂಡು ನೆತ್ತಿ ಚೂಪಾಗುತ್ತದೆ; ತಯಾರಿಸಿದವರು ಯೋಚಿಸಿದ್ದ ಆಕಾರವೇ ಕೆಡುತ್ತದೆ. ತೂಕ ಹೆಚ್ಚಿ ಬಂಡಿ ವಾಲಲು ತಡಮಾಡುತ್ತದೆ. ಅದಕ್ಕಿಂತ ಮುಖ್ಯವಾದದ್ದು ಬಿಸಿ. ಓಟದ ಟೈರಿನ ರಬ್ಬರು ತಕ್ಕಷ್ಟು ಕಾವೇರಿದ ಮೇಲೆಯೇ ನೆಲವನ್ನು ಕಚ್ಚುವುದು. ಭಾರಿ ಬಂಡಿಗೆಂದು ಮಾಡಿದ್ದನ್ನು ಹಗುರವಾದ, ಹದಿನೇಳು ಕುದುರೆಬಲದ ಬಂಡಿ ಆ ಕಾವಿಗೆ ಏರಿಸುವುದು ಕಷ್ಟ. ಜೊತೆಗೆ, ಪ್ರತಿ ಸಲ ಕಾದು ತಣಿದಾಗಲೂ ಅದು ಇನ್ನಷ್ಟು ಗಡುಸಾಗುತ್ತದೆ. ಒಬ್ಬರು ಬಳಸಿ ಬಿಟ್ಟ ಟೈರು ಅಗ್ಗಕ್ಕೆ ಸಿಗುವುದು ಅದಕ್ಕೇ.

ಇಲ್ಲಿ ನನಗೆ ಹಿಡಿಸಿದ ಒಂದು ಸಂಗತಿಯನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ದೊಡ್ಡ ಎಂಜಿನ್ನಿನ ಬಂಡಿ ತಿರುವಿನಲ್ಲಿ ಕಳೆದುಕೊಂಡ ವೇಗವನ್ನು ನೇರ ಹಾದಿಯಲ್ಲಿ ಕ್ಷಣಾರ್ಧದಲ್ಲಿ ಮರಳಿ ಪಡೆಯುತ್ತದೆ. ಸಣ್ಣ ಎಂಜಿನ್ನಿಗೆ ಆ ಸಿರಿವಂತಿಕೆಯಿಲ್ಲ. ತಿರುವಿನಲ್ಲಿ ಐದು ಕಿಲೋಮೀಟರ್ ವೇಗ ಬಿಟ್ಟುಕೊಟ್ಟರೆ ಅದನ್ನು ಗಳಿಸಲು ಮುಂದಿನ ಹಾದಿಯೆಲ್ಲ ಹೆಣಗಬೇಕು. ಬಡವನ ಗಳಿಕೆ ಅವನ ಉಳಿಕೆಯಲ್ಲಿದೆ ಎನ್ನುತ್ತಾರಲ್ಲ, ಹಾಗೆ. ಆ ವೇಗವನ್ನು ಉಳಿಸಿಕೊಡುವುದು ಎಂಜಿನ್ನಲ್ಲ, ಟೈರು. ಬಂಡಿ 45 ಡಿಗ್ರಿಯಷ್ಟು ವಾಲಿದಾಗ ಅದನ್ನು ಹೊರಕ್ಕೆ ಎಳೆಯುವ ಬಲ ಸವಾರನನ್ನೂ ಸೇರಿಸಿದ ಇಡೀ ತೂಕಕ್ಕೆ ಹೆಚ್ಚು ಕಡಿಮೆ ಸಮವಾಗಿರುತ್ತದಂತೆ. ಆಗ ಹುಡುಗನ ಪ್ರಾಣವನ್ನು ಹಿಡಿದಿರುವುದು, ಎರಡು ಚಕ್ರಗಳದ್ದೂ ಸೇರಿ, ಅಂಗೈಯಗಲದಷ್ಟು ರಬ್ಬರು. ಈ ಲೆಕ್ಕ ತಿಳಿದ ಮೇಲೆ, ಎಂಜಿನ್ನಿಗೆ ಸುರಿದು ಉಳಿದ ಚಿಲ್ಲರೆಯಲ್ಲಿ ಟೈರು ಕೊಳ್ಳುವ ಕ್ರಮ ತಲೆಕೆಳಗಾದದ್ದೆಂದು ನನಗೂ ಗೊತ್ತಾಯಿತು.

ಹುಡುಗನ ಎಲುಬು ಕೂಡಿಕೊಂಡ ಮೇಲೆ ನಾನು ಒಂದು ಷರತ್ತು ಹಾಕಿದೆ: ಎಂಜಿನ್ನನ್ನು ಮುಟ್ಟಕೂಡದು, ಟೈರಿಗೆ ನಾನು ಹಣ ಕೊಡುತ್ತೇನೆ, ಆದರೆ 7 ಸಾವಿರದೊಳಗೆ. ಹೆಂಡತಿಗೆ ಈ ವಿಷಯವನ್ನು ಎರಡು ದಿನ ತಡವಾಗಿ ತಿಳಿಸಿದೆ. ಮೊದಲು ಸ್ಪರ್ಧೆಯ ನಿಯಮಗಳನ್ನು ಓದಿದೆವು. ಕೆಲವು ವಿಭಾಗಗಳಲ್ಲಿ ಇಂಥದೇ ಟೈರು ಎಂಬ ಕಟ್ಟಳೆಯಿರುತ್ತದೆ, ಇದರಲ್ಲಿ ಇರಲಿಲ್ಲ. ನುಣ್ಣನೆಯ ವಿದೇಶಿ ಟೈರುಗಳ ಆಸೆಯನ್ನು ಬಿಟ್ಟು, ರಸ್ತೆಗೂ ಸಲ್ಲುವ, ಮೆದು ರಬ್ಬರಿನ ದೇಶೀ ಟೈರಿನ ಒಂದೇ ಜಾತಿಯ ಜೋಡಿಯನ್ನು, ರಿಮ್ಮಿಗೆ ಒಪ್ಪುವ ಅಳತೆಯಲ್ಲಿ ಆರಿಸಿದೆವು. ಮೆದುವಾದದ್ದು ಬೇಗ ಸವೆಯುತ್ತದೆ, ನಿಜ. ಓಟಕ್ಕಷ್ಟೇ ಬಳಸುವುದಾದರೆ ಆ ನಷ್ಟ ಸಹ್ಯ. ಅದರಲ್ಲೇ ದಿನವೂ ಕೆಲಸಕ್ಕೆ ಹೋಗುವವನಿಗೆ ಅಲ್ಲ. ಅಂಗಡಿಯಾತ ಮೊದಲು ಮುಂದಿಟ್ಟ ಮುಂಚಕ್ರದ ಟೈರು ತಯಾರಾಗಿ ಮೂರು ವರ್ಷವಾಗಿತ್ತು. ಬೇರೆ ಕೊಡಿ ಎಂದು ನಾನೇ ಹೇಳಿದೆ. ಆತ ನನ್ನ ಪಂಚೆಯನ್ನೂ ಮುಖವನ್ನೂ ಒಮ್ಮೆ ನೋಡಿ ಒಳಗೆ ಹೋದ.

ಹಣ ಸಾಲದಿದ್ದರೆ ಮುಂದಿನದನ್ನೇ ಮೊದಲು ಕೊಳ್ಳಬೇಕು ಎಂಬುದು ಪಂಕ್ಚರ್ ಅಂಗಡಿಯವರ ಮಾತು. ಹಿಂದಿನದು ಜಾರಿದರೆ ಸವಾರನಿಗೆ ಸುಳಿವು ಸಿಗುತ್ತದೆ, ಸಾವರಿಸಿಕೊಳ್ಳಲು ಒಂದು ಕ್ಷಣವೂ ಸಿಕ್ಕೀತು. ಮುಂದಿನದು ಜಾರಿದರೆ ತಿಳಿಯುವಷ್ಟರಲ್ಲಿ ನೆಲದ ಮೇಲಿರುತ್ತಾನೆ. ಉಳಿದ ಚಿಲ್ಲರೆಗೆ ಗಾಳಿ ಅಳೆಯುವ ಒಂದು ಗೇಜು ತಂದೆವು. ತಣ್ಣಗಿದ್ದಾಗ ಹಿಡಿದ ಅಳತೆ ನಾಲ್ಕಾರು ಸುತ್ತು ಓಡಿದ ಮೇಲೆ ಏರುತ್ತದೆ. ಎರಡನ್ನೂ ಬರೆದಿಡುವ ಕೆಲಸ ನನ್ನ ಪಾಲಿಗೆ ಬಂತು.

ಮರುವರ್ಷ ಆ ಓಟವನ್ನು ನಾನೂ ಹೋಗಿ ನೋಡಿದೆ. 3.7 ಕಿಲೋಮೀಟರಿನ ಹಾದಿ, ಉರಿಬಿಸಿಲು. ನನ್ನ ತಂಗಿ ಬರಲಿಲ್ಲ, ಆದರೆ ಗಂಟೆಗೊಮ್ಮೆ ಫೋನು ಮಾಡುತ್ತಿದ್ದಳು. ನೇರ ಹಾದಿಯಲ್ಲಿ ಇವನನ್ನು ಮೂವರು ದಾಟಿದರು. ತಿರುವುಗಳಲ್ಲಿ ಇವನು ಅವರಲ್ಲಿಬ್ಬರನ್ನು ಹಿಂದೆ ಹಾಕಿದ. ಹತ್ತೊಂಬತ್ತು ಮಂದಿಯಲ್ಲಿ ಹನ್ನೊಂದನೆಯವನಾಗಿ ಬಂದು, ಹೆಲ್ಮೆಟ್ಟು ತೆಗೆಯುವ ಮೊದಲೇ ಮಂಡಿಯೂರಿ ಕುಳಿತು ಮುಂದಿನ ಟೈರನ್ನು ಮುಟ್ಟಿ ನೋಡಿದ. ನಾನೂ ಉಗುರು ಒತ್ತಿ ನೋಡಿದೆ, ಚೆನ್ನಾಗಿ ಇಳಿಯಿತು. ಅಂಚಿನವರೆಗೂ ಒಂದೇ ಸಮ ಸವೆದಿತ್ತು. ಇನ್ನೆರಡು ಓಟಕ್ಕೆ ಅದು ಬಂದೀತು. ಹಿಂದಿನದನ್ನು ಬದಲಿಸಲೇಬೇಕು, ಅದಕ್ಕೆ ಈ ಸಲ ಅವನೇ ಹಣ ಕೂಡಿಡುತ್ತಿದ್ದಾನೆ.