ಸೈಕಲಿನ ಚೈನು ಜಾರುವುದೇಕೆ?



ನೇಗಿಲ ಕುಳ ಮೊಂಡಾಯಿತೆಂದು ಗುರುತಿಸುವುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕುಡುಗೋಲಿನ ಬಾಯಿ ಹೋದರೆ ಅದೇ ದಿನ ಕುಲುಮೆಗೆ ಒಯ್ಯುತ್ತೀರಿ. ಆದರೆ ಬೆಳಗಾಗೆದ್ದು ಹಾಲಿನ ಕ್ಯಾನನ್ನು ಡೇರಿಗೆ ಮುಟ್ಟಿಸುವ, ಮಕ್ಕಳನ್ನು ದೂರದ ಹೈಸ್ಕೂಲಿಗೆ ಒಯ್ಯುವ ಸೈಕಲಿನ ಚೈನನ್ನು ಮಾತ್ರ ಅದು ಜಾರಿ ಯಾರನ್ನಾದರೂ ಬೀಳಿಸುವ ತನಕ ನಾವು ನೋಡುವುದೇ ಇಲ್ಲ. ಇಂದು ಅದರ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಮ್ಮ ಹಳ್ಳಿಗಳಲ್ಲಿ ಈಗ ಎರಡು ಬಗೆಯ ಸೈಕಲುಗಳಿವೆ. ಒಂದು, ಗೇರಿಲ್ಲದ ಸಾದಾ ಸೈಕಲು. ೨೦೦೬-೦೭ರಿಂದ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲುಗಳೂ ಇದೇ ಜಾತಿಯವು. ಇನ್ನೊಂದು, ಹುಡುಗರು ಹಟ ಹಿಡಿದು ಕೊಡಿಸಿಕೊಳ್ಳುವ ದಪ್ಪ ಟೈರಿನ ಗೇರ್ ಸೈಕಲು, ಎಂದರೆ ಬೆಟ್ಟದ ಸೈಕಲು. ಇದು ಹುಟ್ಟಿದ್ದು ೧೯೭೦ರ ದಶಕದಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ. ಅಲ್ಲಿನ ತರುಣರು ಹಳೆಯ ದಪ್ಪ ಟೈರಿನ ಸೈಕಲುಗಳನ್ನು ಬೆಟ್ಟದ ಮಣ್ಣುದಾರಿಯಲ್ಲಿ ಇಳಿಸುತ್ತಿದ್ದರು. ಬ್ರೇಕಿನ ಕಾವಿಗೆ ಹಿಂದಿನ ಹಬ್ಬಿನ ಗ್ರೀಸು ಸುಟ್ಟುಹೋಗಿ, ಮತ್ತೆ ಮತ್ತೆ ಹೊಸ ಗ್ರೀಸು ತುಂಬಬೇಕಾಗುತ್ತಿತ್ತು. ೧೯೭೬ರಲ್ಲಿ ಅವರು ಆರಂಭಿಸಿದ ಪಂದ್ಯಕ್ಕೆ ಆ ಗ್ರೀಸು ತುಂಬುವ ಕೆಲಸದ ಹೆಸರೇ ನಿಂತುಬಿಟ್ಟಿತು. ಅಂಗಡಿಯಲ್ಲಿ ಹೊಳೆಯುವ ಬಣ್ಣ ನೋಡಿ ಈ ಸೈಕಲು ಕೊಳ್ಳುವವರಿಗೆ ಈ ಕಥೆಯನ್ನೂ ಹೇಳಬೇಕು ಎಂದು ನನಗೆ ಅನ್ನಿಸುತ್ತದೆ.

ಬಗೆ ಯಾವುದಾದರೂ ಆಗಲಿ, ಪೆಡಲಿನ ಬಳಿ ಇರುವ ದೊಡ್ಡ ಹಲ್ಲಿನ ಚಕ್ರ ಚೈನ್‌ವೀಲು, ಹಿಂದಿನ ಗಾಲಿಯಲ್ಲಿರುವ ಸಣ್ಣದು ಫ್ರೀವೀಲು. ಗೇರ್ ಸೈಕಲಿನಲ್ಲಿ ಹಿಂದೆ ಆರೇಳು ಹಲ್ಲಿನ ಚಕ್ರಗಳು ಒಟ್ಟಿಗೆ ಇರುತ್ತವೆ. ಇವೆರಡರ ನಡುವೆ ಓಡುವುದು ಚೈನು. ಮೂರರಲ್ಲಿ ಕಡಿಮೆ ಬೆಲೆಯದು ಚೈನು, ಮೊದಲು ಸವೆಯುವುದೂ ಅದೇ. ಅದನ್ನು ಹೊತ್ತಿಗೆ ಸರಿಯಾಗಿ ಬದಲಾಯಿಸದಿದ್ದರೆ ಉಳಿದೆರಡನ್ನೂ ಅದು ತಿಂದು ಹಾಕುತ್ತದೆ.

ಚೈನು ಎಳೆದುಕೊಂಡು ಉದ್ದವಾಯಿತು ಎನ್ನುತ್ತೇವೆ. ನಿಜವಾಗಿ ಉಕ್ಕಿನ ಪಟ್ಟಿ ಎಳೆದುಕೊಳ್ಳುವುದಿಲ್ಲ. ಒಂದೊಂದು ಕೊಂಡಿಯಲ್ಲೂ ಪಿನ್ನು ಮತ್ತು ಅದು ತಿರುಗುವ ತೂತು ಸ್ವಲ್ಪ ಸ್ವಲ್ಪವೇ ಸವೆಯುತ್ತವೆ. ಸವೆತ ಕಾಗದದ ಹಾಳೆಗಿಂತ ತೆಳುವಾಗಿದ್ದರೂ ಒಂದು ಅಡಿ ಚೈನಿನಲ್ಲಿ ಇಂಥ ೨೪ ಕೀಲುಗಳಿವೆ. ಎಲ್ಲ ಸೇರಿದರೆ ಕಣ್ಣಿಗೆ ಕಾಣುವಷ್ಟು ಉದ್ದವಾಗುತ್ತದೆ. ಆಗ ಕೊಂಡಿಯ ಅಳತೆಗೂ ಹಲ್ಲಿನ ಅಳತೆಗೂ ಹೊಂದಿಕೆ ತಪ್ಪುತ್ತದೆ. ಚೈನು ಹಲ್ಲಿನ ಬುಡ ಬಿಟ್ಟು ಮೇಲೇರಿ ಕೂರುತ್ತದೆ. ಹೊರೆ ಹೇರಿ ಏರಿನಲ್ಲಿ ನಿಂತು ತುಳಿಯುವಾಗ ಅದು ಒಂದು ಹಲ್ಲು ಹಾರಿತೆಂದರೆ, ತುಳಿದ ಕಾಲು ಗಕ್ಕನೆ ಕೆಳಗಿಳಿದು, ಎದೆ ಹ್ಯಾಂಡಲಿಗೆ ಬಡಿದು, ಸವಾರ ರಸ್ತೆಗೆ ಬೀಳುತ್ತಾನೆ. ಹಿಂದಿನಿಂದ ಲಾರಿ ಬರುತ್ತಿದ್ದರೆ ಏನಾಗುವುದೆಂದು ನಾನು ಹೇಳಬೇಕಾಗಿಲ್ಲ.

ಇದನ್ನು ಕಂಡುಹಿಡಿಯಲು ದೊಡ್ಡ ಉಪಕರಣ ಬೇಡ. ಗಾರೆ ಕೆಲಸದವರ ಬಳಿ ಇರುವ ಉಕ್ಕಿನ ಟೇಪು ಸಾಕು. ಬಟ್ಟೆಯ ಟೇಪು ಕೂಡದು. ಚೈನನ್ನು ಒರೆಸಿ, ಕವರಿದ್ದರೆ ಬಿಚ್ಚಿ, ಹಿಂದಿನ ಬ್ರೇಕು ಹಿಡಿದು ಪೆಡಲನ್ನು ಮೆಲ್ಲಗೆ ಒತ್ತಿರಿ. ಮೇಲಿನ ಸಾಲಿನ ಚೈನು ಬಿಗಿಯಾಗಿ ನಿಲ್ಲುತ್ತದೆ. ಟೇಪಿನ ತುದಿಯ ಕೊಕ್ಕೆ ಅಲ್ಲಾಡುವುದರಿಂದ ತುದಿಯಿಂದ ಅಳೆಯಬೇಡಿ. ೧ ಇಂಚಿನ ಗೀಟನ್ನು ಒಂದು ಪಿನ್ನಿನ ನಡುಮಧ್ಯಕ್ಕೆ ಹಿಡಿದು, ೧೩ ಇಂಚಿನ ಗೀಟು ಎಲ್ಲಿ ಬರುತ್ತದೆಂದು ನೋಡಿ. ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು. ಆದ್ದರಿಂದ ಹೊಸ ಚೈನಿನಲ್ಲಿ ೧೩ರ ಗೀಟು ಸರಿಯಾಗಿ ಇನ್ನೊಂದು ಪಿನ್ನಿನ ನಡುವಿಗೇ ಬೀಳುತ್ತದೆ. ಆ ಪಿನ್ನು ಗೀಟನ್ನು ದಾಟಿ ೧/೧೬ ಇಂಚು, ಎಂದರೆ ಟೇಪಿನ ಒಂದು ಸಣ್ಣ ಗೀಟಿನಷ್ಟು ಮುಂದೆ ಹೋಗಿದ್ದರೆ ಗೇರ್ ಸೈಕಲಿಗೆ ಹೊಸ ಚೈನು ತರಬೇಕು. ೧/೮ ಇಂಚು ಹೋಗಿದ್ದರೆ ಸಾದಾ ಸೈಕಲಿನದೂ ಬದಲಾಗಬೇಕು, ಗೇರ್ ಸೈಕಲಿನ ಫ್ರೀವೀಲು ಕೂಡ ಬಹುಮಟ್ಟಿಗೆ ಕೆಟ್ಟಿರುತ್ತದೆ.

ಟೇಪು ಇಲ್ಲದಿದ್ದರೆ, ಚೈನ್‌ವೀಲಿನ ಮುಂಭಾಗದಲ್ಲಿ ಚೈನನ್ನು ಬೆರಳಿನಿಂದ ಮುಂದಕ್ಕೆ ಎಳೆಯಿರಿ. ಅರ್ಧ ಹಲ್ಲು ಕಾಣುವಷ್ಟು ಎದ್ದು ಬಂದರೆ ಸವೆದಿದೆ ಎಂದೇ ತಿಳಿಯಿರಿ. ಹಲ್ಲುಗಳನ್ನೂ ನೋಡಿ. ಒಳ್ಳೆಯ ಹಲ್ಲು ಎರಡು ಕಡೆಗೂ ಒಂದೇ ಸಮನಾಗಿರುತ್ತದೆ. ಸವೆದದ್ದು ಗರಗಸದ ಹಲ್ಲಿನಂತೆ ಒಂದು ಕಡೆಗೆ ಬಾಗಿ ಚೂಪಾಗಿರುತ್ತದೆ.

ಇಲ್ಲಿ ಅಂಗಡಿಯವನಿಗೂ ನಮಗೂ ಜಗಳವಾಗುವ ಒಂದು ಸಂಗತಿಯಿದೆ. ಹೊಸ ಚೈನು ಹಾಕಿಸಿ ಮನೆಗೆ ಹೊರಟರೆ ದಾರಿಯಲ್ಲೇ ಕಟಕಟನೆ ಜಾರುತ್ತದೆ. ಖೋಟಾ ಮಾಲು ಕೊಟ್ಟನೆಂದು ಬೈಯುತ್ತೇವೆ. ತಪ್ಪು ಚೈನಿನದಲ್ಲ. ಹಳೆಯ ಚೈನಿಗೆ ತಕ್ಕಂತೆ ಸವೆದ ಫ್ರೀವೀಲು ಹೊಸ ಚೈನನ್ನು ಹಿಡಿಯಲಾರದು. ಗೇರ್ ಸೈಕಲಿನಲ್ಲಿ ಹುಡುಗರು ಹೆಚ್ಚಾಗಿ ಬಳಸುವ ಒಂದೆರಡು ಸಣ್ಣ ಚಕ್ರಗಳಲ್ಲಿ ಮಾತ್ರ ಜಾರುವುದುಂಟು. ಹೊತ್ತಿಗೆ ಚೈನು ಹಾಕಿಸಿದವರಿಗೆ ಒಂದೇ ಫ್ರೀವೀಲು ಎರಡು ಮೂರು ಚೈನುಗಳಿಗೆ ಬಾಳಿಕೆ ಬರುತ್ತದೆ.

ಇನ್ನು ಚೈನು ಸಡಿಲವಾದಾಗ ಕೊಂಡಿ ತೆಗೆಸುವ ರೂಢಿ. ಕೊಂಡಿ ತೆಗೆದರೆ ಸಡಿಲು ಹೋಗುತ್ತದೆ ನಿಜ, ಉಳಿದ ಕೊಂಡಿಗಳ ಸವೆತ ಎಲ್ಲಿ ಹೋಯಿತು? ಹತ್ತಾರು ರೂಪಾಯಿ ಉಳಿಸಲು ಹೋಗಿ ಹಲ್ಲುಗಳನ್ನು ಕಳೆದುಕೊಳ್ಳುವ ಲೆಕ್ಕ ಇದು. ನಾನಂತೂ ಇದನ್ನು ಒಪ್ಪುವುದಿಲ್ಲ.

ಜಾರಿದ್ದೆಲ್ಲ ಸವೆತವೂ ಅಲ್ಲ. ಪೆಡಲು ತುಳಿದಾಗ ಚೈನು ಮತ್ತು ಹಲ್ಲು ಸರಿಯಾಗಿಯೇ ತಿರುಗಿ, ಗಾಲಿ ಮಾತ್ರ ತಿರುಗದಿದ್ದರೆ, ಫ್ರೀವೀಲಿನ ಒಳಗಿರುವ ನಾಲಿಗೆಯಂಥ ಉಕ್ಕಿನ ತುಂಡುಗಳು ಒಣಗಿದ ಜಿಡ್ಡಿನಲ್ಲಿ ಅಂಟಿಕೊಂಡಿವೆ ಎಂದರ್ಥ. ಸ್ವಲ್ಪ ಸೀಮೆಎಣ್ಣೆ ಬಿಟ್ಟು ತಿರುಗಿಸಿ, ಆಮೇಲೆ ತೆಳು ಎಣ್ಣೆ ಬಿಡಿ. ಅದರೊಳಗೆ ಗ್ರೀಸು ತುಂಬಬಾರದು. ಪೆಡಲಿನ ಒಂದೊಂದು ಸುತ್ತಿಗೂ ಟಕ್ ಎಂದರೆ ಎರಡು ಕ್ರ್ಯಾಂಕುಗಳನ್ನೂ ಹಿಡಿದು ಅಲ್ಲಾಡಿಸಿ. ಒಂದೇ ಅಲ್ಲಾಡಿದರೆ ಅದರ ಪಿನ್ನೋ ಬೋಲ್ಟೋ ಸಡಿಲ, ಎರಡೂ ಒಟ್ಟಿಗೆ ಅಲ್ಲಾಡಿದರೆ ಒಳಗಿನ ಗುಂಡುಗಳ ಕೆಲಸ. ಗೇರ್ ಸೈಕಲು ಬಲಮಗ್ಗುಲಿಗೆ ಬಿದ್ದ ಮೇಲೆ ಗೇರು ಸರಿಯಾಗಿ ಬೀಳದಿದ್ದರೆ, ಹಿಂದಿನ ಗೇರನ್ನು ಹಿಡಿದಿರುವ ಕೊಕ್ಕೆ ಬಾಗಿರುತ್ತದೆ. ಅದನ್ನು ಅಂಗಡಿಗೇ ಒಯ್ಯಿರಿ. ಬಾಗಿದ ಗೇರು ಕಡ್ಡಿಗಳಿಗೆ ಸಿಕ್ಕಿದರೆ ಗಾಲಿಯೂ ಹೋಗುತ್ತದೆ.

ಸವೆತಕ್ಕೆ ದೊಡ್ಡ ಕಾರಣ ನಮ್ಮ ಧೂಳು. ಎಣ್ಣೆಯೂ ಧೂಳೂ ಕೂಡಿದರೆ ಸಾಣೆ ಹಿಡಿಯುವ ಮಸಿಯಂತಾಗುತ್ತದೆ. ಆದ್ದರಿಂದ ಚೈನಿನ ಮೇಲೆ ಎಣ್ಣೆ ಸುರಿಯಬೇಡಿ. ಮೊದಲು ಸೀಮೆಎಣ್ಣೆ, ಅದು ಸಿಗದಿದ್ದರೆ ಡೀಸೆಲ್ ಅದ್ದಿದ ಬಟ್ಟೆಯಿಂದ ಉಜ್ಜಿ ಒಣಗಿಸಿ. ಬಳಿಕ ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ, ಕೀಲಿಗೊಂದು ತೊಟ್ಟಿನಂತೆ ಹೊಸ ಇಂಜಿನ್ ಎಣ್ಣೆ ಬಿಟ್ಟು, ಸ್ವಲ್ಪ ಹೊತ್ತಿನ ಮೇಲೆ ಹೊರಮೈಯನ್ನು ಒಣ ಬಟ್ಟೆಯಿಂದ ಒರೆಸಿಬಿಡಿ. ಎಣ್ಣೆ ಇರಬೇಕಾದ್ದು ಕೀಲಿನ ಒಳಗೆ. ಟ್ರ್ಯಾಕ್ಟರಿನಿಂದ ಇಳಿಸಿದ ಕರಿಯ ಎಣ್ಣೆಯಲ್ಲಿ ಲೋಹದ ಪುಡಿ ಇರುತ್ತದೆ, ಅದು ಬೇಡ. ಅಡಿಗೆಯ ಎಣ್ಣೆ ಕ್ರಮೇಣ ಅಂಟಾಗುತ್ತದೆ, ಅದೂ ಬೇಡ. ಮಳೆಯಲ್ಲಿ ನೆನೆದ ಸೈಕಲಿಗೆ ಅಂದೇ ಎಣ್ಣೆ ಬೀಳಬೇಕು.

ಹೊಸ ಚೈನು ತರುವಾಗ ಗೇರ್ ಸೈಕಲಿನದೋ ಸಾದಾ ಸೈಕಲಿನದೋ ಎಂದು ಹೇಳಿ ಕೇಳಿರಿ. ಸಾದಾ ಸೈಕಲಿನ ಚೈನು ಅಗಲ, ಗೇರಿನಲ್ಲಿ ಓಡದು. ಹಳೆಯ ಚೈನಿನ ಪಕ್ಕದಲ್ಲಿಟ್ಟು ಉದ್ದ ಅಳೆಯಬೇಡಿ, ಪಿನ್ನುಗಳನ್ನು ಎಣಿಸಿರಿ. ಸಾದಾ ಸೈಕಲಿನಲ್ಲಿ ಚೈನಿನ ನಡುಭಾಗ ಬೆರಳಿಗೆ ಅರ್ಧ ಇಂಚಿನಷ್ಟು ಮೇಲೆ ಕೆಳಗೆ ಆಡುವಂತಿರಲಿ. ಬಲು ಬಿಗಿಯಾದರೂ ಸವೆತವೇ. ಚೈನಿನ ಲಾಕು ಹಾಕುವಾಗ ಅದರ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಬೇಕು, ಸೀಳಿದ ಬಾಯಿ ಹಿಂದಕ್ಕೆ. ತಿರುವುಮುರುವಾದರೆ ಕಲ್ಲೋ ಕಡ್ಡಿಯೋ ತಾಗಿ ಕಳಚಿಕೊಂಡೀತು. ಮೊದಲ ಸಲ ಬರಿಯ ಸೈಕಲನ್ನೇ ಸಮತಟ್ಟಿನಲ್ಲಿ ಓಡಿಸಿ ನೋಡಿ, ಆಮೇಲೆ ಹಾಲಿನ ಕ್ಯಾನು ಏರಿಸಿರಿ.