ಹಳೆಯ ಸಲಕರಣೆ, ಹೊಸ ಕಾಯಕ
(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ನಾನು ಪ್ರವಚನಕಾರನಲ್ಲ, ಸರ್ಕಾರದಲ್ಲಿ ಎಂಜಿನಿಯರ್ ಆಗಿದ್ದವನು. ಹುಟ್ಟೂರು ರಾಣೆಬೆನ್ನೂರಿನ ಕಡೆ. ಕೊನೆಯ ವರ್ಗಾವಣೆ ಉಡುಪಿಗೆ ಆಯಿತು. ನಿವೃತ್ತಿಯಾದ ಮೇಲೆ ಹೂಡೆಯಲ್ಲೇ ನೆಲೆಸಿದೆ. ಈಗ ನನಗೆ ಅರವತ್ತಾರು. ಕಾಯಕದ ಬಗ್ಗೆ ಮಾತನಾಡಿ ಎಂದು ಪೂಜ್ಯರು ಅಪ್ಪಣೆ ಕೊಟ್ಟಾಗ, ಅರವತ್ತರ ನಂತರ ಕೆಲಸ ಹುಡುಕಿದ ನನ್ನ ಅನುಭವವನ್ನೇ ಹೇಳುತ್ತೇನೆ ಎಂದು ಒಪ್ಪಿಕೊಂಡೆ.

1998ರಲ್ಲಿ ವಿಷುಯಲ್ ಬೇಸಿಕ್ 6 ಎಂಬ ಕಂಪ್ಯೂಟರ್ ಭಾಷೆ ಬಂತು. ನಾನು ಅದನ್ನು ರಾತ್ರಿ ಕುಳಿತು ಕಲಿತೆ. ಕಾಮಗಾರಿಯ ಅಂದಾಜು ಪಟ್ಟಿ, ಅಳತೆ ಪುಸ್ತಕದ ಲೆಕ್ಕ, ಬಿಲ್ಲು ಎಲ್ಲಕ್ಕೂ ಪ್ರೋಗ್ರಾಂ ಬರೆದೆ. ಮೂರು ದಿನದ ಲೆಕ್ಕ ಅರ್ಧ ದಿನದಲ್ಲಿ ಮುಗಿಯುತ್ತಿತ್ತು. ಪಕ್ಕದ ಕಚೇರಿಯವರೂ ಕರೆಯುತ್ತಿದ್ದರು. ಆ ಹೊಗಳಿಕೆಯಲ್ಲಿ ನಾನು ಮುಂದಕ್ಕೆ ನೋಡುವುದನ್ನೇ ಮರೆತೆ. ಆ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವ ಸಲಕರಣೆಗೆ ಮೈಕ್ರೋಸಾಫ್ಟ್ 2008ರ ಏಪ್ರಿಲ್‌ನಲ್ಲೇ ಬೆಂಬಲ ನಿಲ್ಲಿಸಿತ್ತು. ಒಂದೇ ಯಂತ್ರದೊಳಗೆ ನಡೆಯುವ ತಂತ್ರಾಂಶದ ಕಾಲ ಸರಿದು, ಮಾಹಿತಿಯೆಲ್ಲ ದೂರದ ಸರ್ವರಿನಲ್ಲಿದ್ದು ಮೊಬೈಲಿನಲ್ಲೂ ತೆರೆದುಕೊಳ್ಳುವ ಕಾಲ ಬಂದಿತ್ತು.

ನಿವೃತ್ತಿಯ ಬಳಿಕ ಒಂದು ಕಂಪನಿಗೆ ಅರ್ಜಿ ಹಾಕಿದೆ. ಸಂದರ್ಶನ ಮಾಡಿದವನು ನನ್ನ ಮಗನ ವಯಸ್ಸಿನವನು. "ನೀವು ಬರೆದ ಪ್ರೋಗ್ರಾಂನ ಹಳೆಯ ಆವೃತ್ತಿಗಳನ್ನು ಎಲ್ಲಿ ಇಡುತ್ತೀರಿ? ನಾಲ್ಕು ಜನ ಸೇರಿ ಹೇಗೆ ಬರೆಯುತ್ತೀರಿ?" ಎಂದು ಕೇಳಿದ. ಪೆನ್ ಡ್ರೈವ್‌ನಲ್ಲಿ ಇಡುತ್ತೇನೆ, ಒಬ್ಬನೇ ಬರೆಯುತ್ತೇನೆ ಎಂದೆ. ಕೊನೆಗೆ, "ಸರ್, ಚಿಕ್ಕವರ ಕೈಕೆಳಗೆ ಕೆಲಸ ಮಾಡಲು ನಿಮಗೆ ಮುಜುಗರವಾಗುವುದಿಲ್ಲವೆ?" ಎಂದ. ನಾನು ಉತ್ತರ ಕೊಡಲಿಲ್ಲ. ನನ್ನ ಹಳೆಯ ಹುದ್ದೆಯ ಹೆಸರು ಹೇಳಿದೆ! ಆಮೇಲೆ ಕರೆ ಬರಲಿಲ್ಲ.

ತಿಂಗಳುಗಟ್ಟಲೆ ಸಿಟ್ಟಿತ್ತು. ತಲೆ ನರೆತಿದೆ ಎಂದೇ ಬಾಗಿಲು ಮುಚ್ಚುವವರು ಇದ್ದಾರೆ, ಅದು ಅನ್ಯಾಯವೇ. ಆದರೆ ಅರ್ಧ ತಪ್ಪು ನನ್ನದಾಗಿತ್ತು. ಹುಟ್ಟಿನ ಹಿರಿಮೆಯನ್ನು ಒಪ್ಪದ ನಾವು, ಹುದ್ದೆಯ ಹಿರಿಮೆಯನ್ನು ನಿವೃತ್ತಿಯ ನಂತರವೂ ಹೊತ್ತು ತಿರುಗುತ್ತೇವೆ. ಅನುಭವ ಮಂಟಪದಲ್ಲಿ ಚನ್ನಬಸವಣ್ಣ ವಯಸ್ಸಿನಲ್ಲಿ ಬಲು ಕಿರಿಯ. ಹಿರಿಯ ಶರಣರು ಆತನ ಅರಿವಿಗೆ ತಲೆಬಾಗಿದರು. ಅದನ್ನು ವೇದಿಕೆಯ ಮೇಲೆ ಹೇಳುವುದು ಸುಲಭ, ಇಪ್ಪತ್ತೈದರ ಹುಡುಗನ ಮುಂದೆ ಕುಳಿತು ಪಾಲಿಸುವುದು ಕಷ್ಟ.

ದಾರಿ ತೋರಿಸಿದ್ದು ಹೂಡೆಯ ಕಡಲು. ಒಂದು ಕಾಲಕ್ಕೆ ಇಲ್ಲಿ ಊರಿನವರೆಲ್ಲ ಸೇರಿ ದಡದಿಂದ ರಂಪಣಿ ಬಲೆ ಎಳೆಯುತ್ತಿದ್ದರು. 1970ರ ದಶಕದಲ್ಲಿ ಯಾಂತ್ರಿಕ ಪರ್ಸೀನ್ ದೋಣಿಗಳು ಬಂದವು, ರಂಪಣಿ ಸೊರಗಿತು. ರಂಪಣಿಯ ಎಷ್ಟೋ ಮಂದಿ ಅದೇ ದೋಣಿಗಳಿಗೆ ಹೋದರು. ಬಲೆ ಬದಲಾಯಿತು, ನೀರಿನ ಬಣ್ಣ ನೋಡಿ ಮೀನಿನ ಹಿಂಡು ಗುರುತಿಸುವ ಕಣ್ಣು ಬದಲಾಗಲಿಲ್ಲ. ನನ್ನ ಬಳಿ ಅಂಥ ಕಣ್ಣು ಯಾವುದು ಎಂದು ಯೋಚಿಸಿದೆ.

ಅಷ್ಟರಲ್ಲಿ ಒಂದು ಮಠದ ಪ್ರಕಟಣ ವಿಭಾಗದವರು ಬಂದರು. ಇಪ್ಪತ್ತು ವರ್ಷ ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಸಿದ ಪುಸ್ತಕಗಳು ಹೊಸ ಯಂತ್ರದಲ್ಲಿ ರೋಮನ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತಿದ್ದವು. ಕಾರಣ ಸರಳ. ಹಳೆಯ ಫಾಂಟುಗಳು ಅಕ್ಷರವನ್ನಲ್ಲ, ಅಕ್ಷರದ ಆಕಾರದ ತುಂಡುಗಳನ್ನು ಉಳಿಸುತ್ತಿದ್ದವು. 'ಧರ್ಮ' ಎಂಬಲ್ಲಿ ಅರ್ಕಾವತ್ತು ಮಕಾರದ ನಂತರ ಕೂರುತ್ತಿತ್ತು. ಯೂನಿಕೋಡ್‌ನಲ್ಲಿ ನಾವು ಉಚ್ಚರಿಸುವಂತೆ ರೇಫ ಮೊದಲು ಬರಬೇಕು. ತುಂಡುಗಳನ್ನು ಜೋಡಿಸಿ, ಕ್ರಮ ತಿದ್ದಬೇಕು. ಹಳೆಯ ಯಂತ್ರದ ಒಳಗನ್ನು ಬಲ್ಲವನೇ ಅದಕ್ಕೆ ಬೇಕು. ಆದರೆ ತಿದ್ದುವ ಪ್ರೋಗ್ರಾಂ ಹೊಸ ಭಾಷೆಯಲ್ಲಿರಬೇಕಿತ್ತು. ನೆರೆಮನೆಯ ಕಾಲೇಜು ಹುಡುಗಿಯ ಬಳಿ ಪೈಥಾನ್ ಕಲಿತೆ. ಅವಳನ್ನು 'ಮೇಡಂ' ಎಂದೇ ಕರೆಯುತ್ತೇನೆ, ಅವಳು ನಗುತ್ತಾಳೆ.

ನಮ್ಮ ಮಣಿಪಾಲದಲ್ಲಿ ನೆಲೆಸಿದ ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸವನ್ನು ಸರ್ಕಾರ ಅಂಗೀಕರಿಸಿತು. ಅದು ಹುಟ್ಟಿದ ಕಾಲದ ಯಂತ್ರಗಳು ಗುಜರಿಗೆ ಹೋದವು, ವಿನ್ಯಾಸ ಮೊಬೈಲಿನವರೆಗೂ ಬಂತು. ಭಾಷೆಯನ್ನು ಅರಿತು ಮಾಡಿದ ಕೆಲಸ ಹಾಗೆ ಉಳಿಯುತ್ತದೆ.

ಇಂದು ಸಹಕಾರಿ ಸಂಘ, ಮುದ್ರಣಾಲಯ, ಅಂಗಡಿಗಳ ಹಳೆಯ ಲೆಕ್ಕವನ್ನು ಹೊಸ ವ್ಯವಸ್ಥೆಗೆ ದಾಟಿಸುವ ಕೆಲಸ ನನಗಿದೆ. ಸಂಬಳ ದೊಡ್ಡದಲ್ಲ. ಮಠದ ಕೆಲಸಕ್ಕೆ ಹಣ ತೆಗೆದುಕೊಳ್ಳಲಿಲ್ಲ, ಅದು ದಾಸೋಹ. ಬೇರೆಯವರಿಂದ ಮಾಡಿದಷ್ಟಕ್ಕೆ ತೆಗೆದುಕೊಳ್ಳುತ್ತೇನೆ. ಹೆಚ್ಚು ತಂದ ಅಕ್ಕಿಯನ್ನು ಮರಳಿಸಿ ಬನ್ನಿ ಎಂದು ಗಂಡನನ್ನು ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮನ ಲೆಕ್ಕ ನಮ್ಮ ಮುಂದಿದೆಯಲ್ಲ!

ನನ್ನಂಥ ಹಿರಿಯರಿಗೆ ಹೇಳುವುದಿಷ್ಟೆ: ಹೊಸ ಕಂಪನಿಯ ಬಾಗಿಲಲ್ಲೇ ನಿಲ್ಲಬೇಡಿ, ನಿಮ್ಮ ಹಳೆಯ ಅರಿವು ಯಾರಿಗೆ ಬೇಕು ಎಂದು ಹುಡುಕಿ. ವರ್ಷಕ್ಕೊಂದು ಹೊಸದನ್ನು ಕಿರಿಯರಿಂದ ಕಲಿಯಿರಿ. ಕಂಪನಿ ನಡೆಸುವ ತರುಣರಿಗೂ ಒಂದು ಮಾತು: ಅರ್ಜಿಯಲ್ಲಿ ಹುಟ್ಟಿದ ವರ್ಷ ನೋಡುವ ಮೊದಲು, ಬಂದವರು ಮಾಡಿದ ಕೆಲಸ ನೋಡಿ.

ಆ ಹುಡುಗ ಕೇಳಿದ ಪ್ರಶ್ನೆಗೆ ಈಗ ನನ್ನ ಬಳಿ ಉತ್ತರವಿದೆ: ಮುಜುಗರವಿಲ್ಲಪ್ಪ.