ಎಳೆ ಯಾರದು, ಹಕ್ಕು ಯಾರದು?

(ಕಾರ್ಮಿಕರ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಸಕ್ಕರೆ ಕಾರ್ಖಾನೆಯ ಬಾಗಿಲಲ್ಲಿ ಕಬ್ಬಿನ ಲಾರಿಯನ್ನು ತೂಗುವುದನ್ನು ತಾವೆಲ್ಲ ನೋಡಿದ್ದೀರಿ. ಇಂದಿನ ವಿದ್ಯುತ್ ತೂಕದ ಯಂತ್ರದೊಳಗೆ ಉಕ್ಕಿನ ತುಂಡುಗಳಿರುತ್ತವೆ. ಭಾರ ಬಿದ್ದೊಡನೆ ಅವುಗಳ ಮೈ ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ, ಇಲ್ಲವೆ ಕುಗ್ಗುತ್ತದೆ. ಮೈಗೆ ಅಂಟಿಸಿದ ಲೋಹದ ಎಳೆಯೂ ಜೊತೆಗೇ ಹಿಗ್ಗುತ್ತದೆ. ಹಿಗ್ಗಿದ ಎಳೆ ವಿದ್ಯುತ್ತನ್ನು ಹೆಚ್ಚು ತಡೆಯುತ್ತದೆ. ಆ ವ್ಯತ್ಯಾಸವೇ ತೂಕದ ಅಂಕಿಯಾಗುತ್ತದೆ.

ಈ ಎಳೆಯ ಹಿಂದೆ ಒಂದು ವ್ಯಾಜ್ಯವಿದೆ.

1930ರ ದಶಕದ ಕೊನೆಯಲ್ಲಿ ಅಮೆರಿಕದ ಇಬ್ಬರು, ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯದೆ, ಇದನ್ನು ಕಂಡುಹಿಡಿದರು. ಪಶ್ಚಿಮದಲ್ಲಿ ಕ್ಯಾಲ್‌ಟೆಕ್ ಸಂಸ್ಥೆಯ ಎಡ್ವರ್ಡ್ ಸಿಮ್ಮನ್ಸ್, ಪೂರ್ವದಲ್ಲಿ ಎಂ.ಐ.ಟಿ.ಯ ಆರ್ಥರ್ ರೂಜ್. ನೀರಿನ ತೊಟ್ಟಿ ಭೂಕಂಪವನ್ನು ತಾಳೀತೇ ಎಂದು ರೂಜ್ 1938ರಲ್ಲಿ ಮಾದರಿಯ ಮೇಲೆ ಪರೀಕ್ಷಿಸುತ್ತಿದ್ದರು. ಇದರಿಂದ ದೊಡ್ಡ ವ್ಯಾಪಾರವೇನೂ ಆಗದೆಂದು ಎಣಿಸಿ ಎಂ.ಐ.ಟಿ. ತನ್ನ ಹಕ್ಕನ್ನು ರೂಜ್ ಅವರಿಗೇ ಬಿಟ್ಟುಕೊಟ್ಟಿತು.

ಎಣಿಕೆ ತಪ್ಪಿತು. ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳ ಬಲ ಪರೀಕ್ಷಿಸಲು ಈ ಎಳೆಯೇ ಬೇಕಾಯಿತು. ಬಾಲ್ಡ್ವಿನ್ ಕಂಪನಿ ಅದನ್ನು ‘ಎಸ್‌ಆರ್-4’ ಎಂಬ ಹೆಸರಿನಲ್ಲಿ ಮಾರಿತು. ಎಸ್ ಎಂದರೆ ಸಿಮ್ಮನ್ಸ್, ಆರ್ ಎಂದರೆ ರೂಜ್, 4 ಎಂಬುದು ಕೈಜೋಡಿಸಿದ ನಾಲ್ವರ ಲೆಕ್ಕ. 1942ರಲ್ಲಿ ಸಿಮ್ಮನ್ಸ್ ಅವರಿಗೆ ಪೇಟೆಂಟ್ ದೊರೆಯಿತು. ಆದರೆ ಹಕ್ಕಿನ ಬಗ್ಗೆ ಅವರಿಗೂ ಕ್ಯಾಲ್‌ಟೆಕ್‌ಗೂ ವ್ಯಾಜ್ಯ ಹತ್ತಿತು. ಅದು ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ, 1949ರಲ್ಲಿ ಸಿಮ್ಮನ್ಸ್ ಪರವಾಗಿ ತೀರ್ಪಾಯಿತು.

ಇಲ್ಲಿ ನಾವು ಗಮನಿಸಬೇಕಾದದ್ದೇನು? ಬೆಲೆಯಿಲ್ಲವೆಂದು ಕಂಡಾಗ ಕಲ್ಪನೆ ಮನುಷ್ಯನದು. ಬೆಲೆ ಬಂದೊಡನೆ ಅದರ ಒಡೆತನಕ್ಕೆ ಹೋರಾಟ. ಪ್ರಯೋಗಶಾಲೆ, ಸಲಕರಣೆ, ಸಂಬಳ ಕೊಟ್ಟ ಸಂಸ್ಥೆಗೂ ಪಾಲಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಗದ್ದೆ ನನ್ನದು, ಆದ್ದರಿಂದ ಬೆಳೆಯೆಲ್ಲ ನನ್ನದೇ ಎಂಬ ಮಾತನ್ನು ಉತ್ತವನು ಒಪ್ಪಲಾರ.

ಒಬ್ಬನ ಗೆಲುವೂ ಪೂರ್ಣ ಉತ್ತರವಲ್ಲ. ಮಾರಿದ ಸರಕಿನ ಹೆಸರಿನಲ್ಲಿ ನಾಲ್ವರ ದುಡಿಮೆಯ ಗುರುತಿತ್ತು; ವ್ಯಾಜ್ಯದಲ್ಲಿ ಗೆದ್ದವರು ಒಬ್ಬರೇ. ನ್ಯಾಯಾಲಯ ಹಕ್ಕುಪತ್ರವನ್ನು ನೋಡುತ್ತದೆ, ಹಂಚಿಕೊಂಡ ದುಡಿಮೆಯನ್ನು ತೂಗುವ ತಕ್ಕಡಿ ಅದರಲ್ಲಿಲ್ಲ.

ಇಂದು ಕ್ಯಾಮೆರಾದ ಚಿತ್ರಗಳಿಂದಲೂ ಲೋಹದ ಮೈಯ ಹಿಗ್ಗನ್ನು ಅಳೆಯುತ್ತಾರೆ. ಸಾಧನ ಬದಲಾದರೂ ಪ್ರಶ್ನೆ ಅದೇ. ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೆ: ತಮ್ಮ ಮಕ್ಕಳು ನಾಳೆ ಯಾವ ಕಾರ್ಖಾನೆ, ಯಾವ ಕಾಲೇಜು ಸೇರಿದರೂ ರುಜು ಮಾಡುವ ಮುನ್ನ ಕರಾರು ಪತ್ರವನ್ನು ಕೊನೆಯ ಸಾಲಿನವರೆಗೆ ಓದಲಿ. ತಾವು ಕಂಡುಹಿಡಿದದ್ದು ಯಾರ ಪಾಲಾಗುವುದೆಂದು ಕೇಳಲಿ. ಒಬ್ಬೊಬ್ಬರೇ ಕೇಳಿದರೆ ಉತ್ತರ ಬಾರದಿರಬಹುದು; ಎಲ್ಲರೂ ಕೂಡಿ ಕೇಳಲಿ.